ಆಂಧ್ರಪ್ರದೇಶದ ಬೇಲಂ ಗುಹೆಯಲ್ಲಿ ಚಾವಣಿಯಿಂದ ಇಳಿಬಿದ್ದ ಕಲ್ಲುಗಳನ್ನು ಮುಟ್ಟಬಾರದು ಅಂತಾರಲ್ಲ, ಯಾಕೆ?

ಮುಟ್ಟಿದ ಜಾಗದಲ್ಲಿ ಕಲ್ಲು ಬೆಳೆಯುವುದು ನಿಂತುಹೋಗಬಹುದು, ಅದಕ್ಕೆ. ನಮ್ಮ ಬೆರಳಿನ ಜಿಡ್ಡು ಅಂಟಿದರೆ ನೀರಿನಲ್ಲಿರುವ ಸುಣ್ಣ ಅಲ್ಲಿ ಸರಿಯಾಗಿ ಕೂರುವುದಿಲ್ಲ, ಕಲೆಯೂ ಉಳಿಯುತ್ತದೆ.

ಈ ಕಲ್ಲು ಹುಟ್ಟುವ ಬಗೆ ನೋಡಿ. ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಆಮ್ಲೀಯವಾಗುತ್ತದೆ, ಕೆಳಗಿನ ಸುಣ್ಣದ ಕಲ್ಲನ್ನು ಕರಗಿಸಿಕೊಳ್ಳುತ್ತದೆ. ಗುಹೆಯ ಚಾವಣಿಯಲ್ಲಿ ಹನಿಯಾಗಿ ತೂಗಿದಾಗ, ಸೋಡಾ ಬಾಟಲಿ ತೆರೆದಂತೆ, ಆ ಅನಿಲ ಹೊರಹೋಗುತ್ತದೆ. ಆಗ ನೀರಿಗೆ ಅಷ್ಟು ಸುಣ್ಣವನ್ನು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ನೀರು ಆವಿಯಾಗಿ ಸುಣ್ಣ ಉಳಿಯುತ್ತದೆ ಎಂದು ಹಲವರು ತಿಳಿದಿದ್ದಾರೆ. ತೇವ ತುಂಬಿದ ಗುಹೆಯಲ್ಲಿ ಆವಿಯ ಪಾತ್ರ ಕಡಿಮೆ.

ಹನಿಯ ಸುತ್ತ ಕೂದಲೆಳೆಯಷ್ಟು ತೆಳುವಾದ ಸುಣ್ಣದ ಉಂಗುರ ಮೂಡುತ್ತದೆ. ಮುಂದಿನ ಹನಿ ಅದಕ್ಕೆ ಇನ್ನೊಂದು ಉಂಗುರ ಸೇರಿಸುತ್ತದೆ. ಎಳೆಯ ಕಲ್ಲು ಹಾಗಾಗಿ ಸ್ಟ್ರಾದಂತೆ ಟೊಳ್ಳು, ಬೆರಳು ತಾಕಿದರೂ ಮುರಿದೀತು. ಬೆಳವಣಿಗೆ ಸಾಮಾನ್ಯವಾಗಿ ವರ್ಷಕ್ಕೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಗೇಣುದ್ದದ ತುಂಡು ಮುರಿದರೆ ಹಲವು ಶತಮಾನಗಳ ಕೆಲಸ ಹೋಯಿತು.

ಬೇಲಂನಲ್ಲಿ ಪ್ರವಾಸಿಗರಿಗೆ ತೆರೆದಿರುವುದು ಸುಮಾರು 1.5 ಕಿ.ಮೀ. ಕೆಲವು ಕಡೆ ದಾರಿ ಬಹಳ ಇಕ್ಕಟ್ಟು. ಅಲ್ಲಿ ಬೆನ್ನಿನ ಬ್ಯಾಗನ್ನು ಎದೆಗೆ ತಿರುಗಿಸಿಕೊಂಡು ನಡೆಯಿರಿ, ದಯವಿಟ್ಟು.