ಮೆಶ್ ಸಣ್ಣದಾದಷ್ಟೂ ಕೆಂಪು ಜಾಸ್ತಿ, ಯಾಕೆ?

ಪ್ರಶ್ನೆ: ಬೆಳಗಾವಿಯಲ್ಲಿ ನಮ್ಮದು ಸಣ್ಣ ಫ್ಯಾಬ್ರಿಕೇಶನ್ ಶೆಡ್. ಇ250 ದರ್ಜೆಯ ಉಕ್ಕಿನ ಪ್ಲೇಟನ್ನು ಎಲ್ ಆಕಾರಕ್ಕೆ ಮಡಚಿ ಬ್ರಾಕೆಟ್ ಮಾಡುತ್ತೇವೆ. 60 ಎಂಎಂ ಅಗಲ, 8 ಎಂಎಂ ದಪ್ಪ. ಗೋಡೆಯಿಂದ 150 ಎಂಎಂ ದೂರದ ತುದಿಯಲ್ಲಿ 50 ಕಿಲೋ ಭಾರ. ಗ್ರಾಹಕರು ತೂಕ ಇಳಿಸಿ ಅಂತಾರೆ. ಮಗ ಫ್ರೀಕ್ಯಾಡ್ ಎಂಬ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಸಿಮ್ಯುಲೇಶನ್ ಮಾಡಿದ. ಒತ್ತಡ ಜಾಸ್ತಿ ಇರುವ ಒಳಮೂಲೆ ಕೆಂಪಾಗಿ ಕಂಡಿತು, ಅಲ್ಲಿ ಮೊದಲು 180 ಮೆಗಾಪಾಸ್ಕಲ್ ತೋರಿಸಿತು. ಮೆಶ್ (ಲೆಕ್ಕಕ್ಕಾಗಿ ಬ್ರಾಕೆಟನ್ನು ತುಂಡು ತುಂಡಾಗಿ ಒಡೆಯುವ ಜಾಲ) ಸಣ್ಣದು ಮಾಡಿದರೆ 260, ಇನ್ನೂ ಸಣ್ಣದಕ್ಕೆ 390. ಯಾವುದನ್ನು ನಂಬೋದು? ಇದನ್ನೇ ಆಪ್ಟಿಮೈಸೇಶನ್‌ಗೆ, ಅಂದರೆ ಕಂಪ್ಯೂಟರೇ ಕಡಿಮೆ ತೂಕದ ಅಳತೆ ಹುಡುಕುವುದಕ್ಕೆ, ಹಾಕಬಹುದಾ?

ಉತ್ತರ: ಮೂರನ್ನೂ ನಂಬಬೇಡಿ. ಹಾಗಂತ ಸಾಫ್ಟ್‌ವೇರ್ ಕೆಟ್ಟಿಲ್ಲ. ನಿಮ್ಮ ಡ್ರಾಯಿಂಗ್‌ನಲ್ಲಿ ಒಳಮೂಲೆ ಚೂಪಾಗಿದೆ, ಅಲ್ವಾ? ಅಂಥ ಮೂಲೆಯಲ್ಲಿ ಲೆಕ್ಕದ ಪ್ರಕಾರ ಒತ್ತಡಕ್ಕೆ ಮಿತಿಯೇ ಇಲ್ಲ. ಮೆಶ್ ಸಣ್ಣದಾದಷ್ಟೂ ಸಂಖ್ಯೆ ಏರುತ್ತಲೇ ಹೋಗುತ್ತದೆ. ಆದರೆ ಪ್ಲೇಟ್ ಮಡಚಿದ ಜಾಗ ಅಷ್ಟು ಚೂಪಾಗಿ ಇರುವುದೇ ಇಲ್ಲ. ನಿಮ್ಮ ಡೈ (ಮಡಚುವ ಅಚ್ಚು) ಒಳಮೂಲೆಗೆ ಕೊಡುವ ದುಂಡಿನ ರೇಡಿಯಸ್ ಅಳೆದು ಅದನ್ನೇ ಡ್ರಾಯಿಂಗ್‌ಗೆ ಹಾಕಿ. ಆಮೇಲೆ ಮೆಶ್ ಅರ್ಧ ಮಾಡಿದರೂ ಸಂಖ್ಯೆ ಹೆಚ್ಚುಕಮ್ಮಿ ಅಲ್ಲೇ ನಿಲ್ಲಬೇಕು.

ಹಾಗೆಂದು ಮೆಶ್ ದಪ್ಪಗೆ ಬಿಡುವುದೂ ಅಪಾಯ. ನಾರ್ವೆಯಲ್ಲಿ 1991ರ ಆಗಸ್ಟ್ 23ರಂದು ಸಮುದ್ರದಿಂದ ಗ್ಯಾಸ್ ತೆಗೆಯಲು ಕಟ್ಟುತ್ತಿದ್ದ ಸ್ಲೈಪ್ನರ್ ಎ ವೇದಿಕೆಯ ಕಾಂಕ್ರೀಟ್ ಬುಡ ಮುಳುಗಿತು. ಅಲ್ಲಿ ದಪ್ಪ ಮೆಶ್ಶಿನ ಲೆಕ್ಕ ಶಿಯರ್ ಒತ್ತಡವನ್ನು (ಕತ್ತರಿಸುವಂತೆ ಅಡ್ಡಕ್ಕೆ ಜಾರಿಸುವ ಒತ್ತಡ) 47% ಕಡಿಮೆ ತೋರಿಸಿತ್ತು.

ಇನ್ನೊಂದು ಕೆಲಸ ಪೆನ್ನಿನಲ್ಲೇ ಮಾಡಿ. 50 ಕಿಲೋ ಅಂದರೆ ಸುಮಾರು 500 ನ್ಯೂಟನ್. ಅದನ್ನು 150ರಿಂದ, ಮತ್ತೆ 6ರಿಂದ ಗುಣಿಸಿ. ಬಂದದ್ದನ್ನು 60 × 8 × 8ರಿಂದ ಭಾಗಿಸಿ. ಪ್ಲೇಟ್ ಬಾಗುವುದರಿಂದ ಆಗುವ ಒತ್ತಡ 117 ಮೆಗಾಪಾಸ್ಕಲ್ ಬರುತ್ತದೆ. ಇ250 ಕಾಯಂ ಬಾಗಲು ಶುರುವಾಗುವುದು ಸುಮಾರು 250ಕ್ಕೆ. ಮಡಿಕೆಯಿಂದ ತುಸು ದೂರದಲ್ಲಿ ಸಿಮ್ಯುಲೇಶನ್ ಇದರ ಆಸುಪಾಸಿನ ಸಂಖ್ಯೆ ತೋರಿಸದಿದ್ದರೆ ಭಾರ ಹಾಕಿದ್ದರಲ್ಲೋ ಹಿಡಿತದಲ್ಲೋ ಏನೋ ಎಡವಟ್ಟಾಗಿದೆ. ಸಿಮ್ಯುಲೇಶನ್‌ನಲ್ಲಿ ಹಿಂಬದಿಯನ್ನು ಗೋಡೆಗೆ ಪೂರ್ತಿ ಅಂಟಿಸಿದಂತೆ ಕಟ್ಟುವುದು ತುಂಬಾ ಜನ ಮಾಡುವ ತಪ್ಪು. ನಿಜದಲ್ಲಿ ಅದನ್ನು ಹಿಡಿದಿರುವುದು ಬೋಲ್ಟ್‌ಗಳು ಮಾತ್ರ.

ಈಗ ತೂಕದ ಮಾತು. ಸುಮ್ನೆ 6 ಎಂಎಂಗೆ ಇಳಿಸಿದರೆ ತೂಕ ಕಾಲು ಭಾಗ ಕಡಿಮೆಯಾಗುತ್ತದೆ, ಆದರೆ 117 ಹೋಗಿ 208 ಆಗುತ್ತದೆ. ನಾನಾದರೆ ಒಪ್ಪುವುದಿಲ್ಲ. ತೆಳು ಪ್ಲೇಟಿನ ಎರಡೂ ಅಂಚು ಮಡಚಿ ಅಥವಾ ಮೂಲೆಗೆ ತ್ರಿಕೋನದ ತುಂಡು ವೆಲ್ಡ್ ಮಾಡಿ ನೋಡಿ. ಆಪ್ಟಿಮೈಸೇಶನ್‌ಗೂ ಇದೇ ಆಯ್ಕೆಗಳನ್ನು ಕೊಡಿ: ದಪ್ಪ 4, 5, 6 ಎಂಎಂ ಮಾತ್ರ, ಅಂಚಿನ ಎತ್ತರ ಇಷ್ಟರಿಂದ ಇಷ್ಟು, ಒತ್ತಡ 125 (250ರ ಅರ್ಧ) ಮೀರಬಾರದು. ಸುಮ್ಮನೆ ಬಿಟ್ಟರೆ ಅದು 4.37 ಎಂಎಂ ಅನ್ನುತ್ತದೆ, ಅಂಥ ಶೀಟ್ ಯಾವ ಅಂಗಡಿಯಲ್ಲಿದೆ? ಮೂಳೆಯಂಥ ಆಕಾರ ಕೊಡುವ ಟೊಪಾಲಜಿ ಆಪ್ಟಿಮೈಸೇಶನ್ ಎರಕಕ್ಕೆ, ತ್ರೀಡಿ ಪ್ರಿಂಟಿಂಗ್‌ಗೆ ಚೆನ್ನ. ಪ್ಲೇಟ್ ಮಡಚುವ ನಿಮ್ಮ ಪ್ರೆಸ್ ಬ್ರೇಕ್ ಯಂತ್ರಕ್ಕಲ್ಲ.

ಒಂದು ಎಚ್ಚರ. ನೀವು ಹೇಳಿದ ಭಾರವನ್ನಷ್ಟೇ ಆಪ್ಟಿಮೈಸೇಶನ್ ಲೆಕ್ಕಕ್ಕೆ ಹಿಡಿಯುತ್ತದೆ. ಯಾರೋ ಏಣಿ ಒರಗಿಸಿ ಅಡ್ಡಕ್ಕೆ ತಳ್ಳಬಹುದು ಅಂತ ನೀವು ಹೇಳದಿದ್ದರೆ ಆ ಕಡೆಯ ಲೋಹವನ್ನೇ ಕಿತ್ತುಹಾಕುತ್ತದೆ. ಅಡ್ಡ ಭಾರವನ್ನೂ ಸೇರಿಸಿ.

ಕೊನೆಗೆ ಒಂದು ಬ್ರಾಕೆಟ್ ಮಾಡಿ, ತುದಿಗೆ 50 ಕಿಲೋ ತೂಗುಹಾಕಿ, ಎಷ್ಟು ಬಾಗಿತು ಎಂದು ಅಳೆಯಲು ಡಯಲ್ ಗೇಜ್ ಇಡಿ. ಸಿಮ್ಯುಲೇಶನ್ ಹೇಳಿದ್ದಕ್ಕಿಂತ ತುಂಬಾ ಜಾಸ್ತಿ ಬಾಗಿದರೆ ಮೊದಲು ಬೋಲ್ಟ್ ಕಡೆಯ ಹಿಡಿತ ನೋಡಿ.