ಕೊಳಕ್ಕಿಳಿಯುವ ಮೊದಲು ಮೈ ತೊಳೆಯಬೇಕೇಕೆ?
ಮೆಕ್ಸಿಕೊದ ಗುಹೆ ಕೊಳಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಬರುವ ಜುಲೈನಲ್ಲಿ ನಾವು ನಾಲ್ವರು ಮೆಕ್ಸಿಕೊದ ಕಾನ್‌ಕುನ್‌ಗೆ ಹೋಗುವವರಿದ್ದೇವೆ. ಅಲ್ಲಿಂದ ತುಲುಮ್ ಕಡೆಗೆ ಒಂದು ದಿನದ ಕಾಡಿನ ಪ್ರವಾಸವಿದ್ದು, ಗೈಡ್ ಜೊತೆ ನಡೆದು, ಜಿಪ್‌ಲೈನ್‌ನಲ್ಲಿ ಜಾರಿ, ಕೊನೆಗೆ ನೆಲದಡಿಯ ಗುಹೆಯ ಕೊಳದಲ್ಲಿ ಈಜಬಹುದಂತೆ. ‘ಸೆನೋಟೆ’ ಎನ್ನುವ ಈ ಕೊಳಗಳು ತಾವಾಗಿಯೇ ಆದವೇ, ಇಲ್ಲವೇ ಪ್ರವಾಸಿಗರಿಗಾಗಿ ತೋಡಿಸಿದವೇ?

ಉತ್ತರ: ತಾವಾಗಿಯೇ ಆದವು. ಮನುಷ್ಯರು ಸೇರಿಸಿರುವುದು ಮೆಟ್ಟಿಲು, ಹಲಗೆಯ ಅಟ್ಟಣೆ, ಹಗ್ಗ ಮತ್ತು ಕೆಲವೆಡೆ ದೀಪಗಳನ್ನು ಮಾತ್ರ. ಕಾನ್‌ಕುನ್, ತುಲುಮ್ ಎರಡೂ ಇರುವ ಯುಕಾಟಾನ್ ಪರ್ಯಾಯದ್ವೀಪದ ನಕ್ಷೆಯನ್ನು ತೆರೆದು ನೋಡಿದರೆ ಅದರ ಉತ್ತರ ಭಾಗದಲ್ಲಿ ನದಿಯ ಗೆರೆಯೇ ಕಾಣಿಸುವುದಿಲ್ಲ. ಮಳೆ ಬೀಳುವುದಿಲ್ಲವೆಂದಲ್ಲ, ಬಿದ್ದ ಮಳೆ ಹರಿಯುವ ಮೊದಲೇ ಇಂಗಿಹೋಗುತ್ತದೆ. ಅಲ್ಲಿನ ನೆಲವೆಲ್ಲ ಸುಣ್ಣಕಲ್ಲು. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತೀರಾ ತೆಳುವಾದ ಆಮ್ಲವಾಗುತ್ತದೆ, ಕಲ್ಲಿನ ಬಿರುಕುಗಳೊಳಗೆ ಇಳಿಯುತ್ತ ಅದನ್ನು ಕರಗಿಸುತ್ತದೆ, ಹೀಗೆ ದೀರ್ಘಕಾಲ ಕರಗಿ ಕರಗಿ ನೆಲದಡಿ ಸುರಂಗಗಳೇ ಆಗಿವೆ. ಸುರಂಗದ ಮೇಲ್ಛಾವಣಿ ಕುಸಿದ ಕಡೆ ಒಳಗಿನ ನೀರು ಕಣ್ಣಿಗೆ ಬೀಳುತ್ತದೆ. ಅದೇ ಸೆನೋಟೆ. ಆ ನಾಡಿನ ಮೂಲನಿವಾಸಿಗಳಾದ ಮಾಯಾ ಜನರ ‘ತ್ಸೊನೊತ್’ ಎಂಬ ಮಾತು ಸ್ಪೇನಿನವರ ಬಾಯಲ್ಲಿ ಹೀಗಾಯಿತು.

ಆದ್ದರಿಂದ ನೀವು ಈಜಲಿರುವ ಕೊಳವನ್ನು ಒಂಟಿ ಕೊಳವೆಂದು ಭಾವಿಸಬೇಡಿ. ತುಲುಮ್ ಸುತ್ತಮುತ್ತಲಿನ ಅನೇಕ ಸೆನೋಟೆಗಳು ಒಂದೇ ಜಲಜಾಲದ ಕಿಂಡಿಗಳು. ಸಾಕ್ ಆಕ್ತೂನ್ ಮತ್ತು ದೋಸ್ ಓಹೋಸ್ ಎಂಬ ಎರಡು ಗುಹಾಜಾಲಗಳು ನೀರಿನಡಿಯಲ್ಲಿ ಒಂದಕ್ಕೊಂದು ಕೂಡಿಕೊಂಡಿವೆಯೆಂದು 2018ರ ಜನವರಿಯಲ್ಲಿ ಪ್ರಕಟವಾದಾಗ, ಆವರೆಗೆ ಅಳೆದಿದ್ದ ಉದ್ದ ಸುಮಾರು 347 ಕಿಲೋಮೀಟರ್ ಆಗಿತ್ತು.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಡೈನೋಸಾರ್‌ಗಳನ್ನು ಅಳಿಸಿದ ಕ್ಷುದ್ರಗ್ರಹವೇ ಈ ಕೊಳವನ್ನು ಮಾಡಿತೆಂದು ಕೆಲವು ಗೈಡ್‌ಗಳು ಉತ್ಸಾಹದಿಂದ ಹೇಳುವುದುಂಟು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಅದು ಅಪ್ಪಳಿಸಿದ್ದು ಚಿಕ್‌ಷುಲುಬ್‌ನಲ್ಲಿ, ಎಂದರೆ ಪರ್ಯಾಯದ್ವೀಪದ ವಾಯವ್ಯದ ಅಂಚಿನಲ್ಲಿ; ಆ ಕುಳಿಯ ಅಂಚನ್ನು ಅನುಸರಿಸಿ ಸೆನೋಟೆಗಳ ಒಂದು ಬಳೆಯಿರುವುದೂ ನಿಜ. ಆದರೆ ಕೆರಿಬಿಯನ್ ತೀರದ ತುಲುಮ್ ಆ ಬಳೆಯಿಂದ ಬಹಳ ದೂರದಲ್ಲಿದೆ. ಅಲ್ಲಿಯ ಕೆಲಸವೆಲ್ಲ ಮಳೆಯದು ಮತ್ತು ಸಮುದ್ರದ್ದು.

ಪ್ರಶ್ನೆ: ನಮ್ಮ ಅತ್ತೆಗೆ 62 ವರ್ಷ, ಈಜು ಬಾರದು, ಕತ್ತಲೆಂದರೆ ಅಂಜಿಕೆ. ಆದರೂ ಬರುತ್ತೇನೆಂದು ಹಟ ಹಿಡಿದಿದ್ದಾರೆ. ಕರೆದುಕೊಂಡು ಹೋಗಬಹುದೇ?

ಉತ್ತರ: ಹಟ ಹಿಡಿದಿದ್ದಾರೆಂದರೆ ಅರ್ಧ ಕೆಲಸ ಮುಗಿದಂತೆ. ಆದರೆ ಕೊಳವನ್ನು ನೋಡಿ ಆರಿಸಬೇಕು. ಸೆನೋಟೆಗಳಲ್ಲಿ ಮೇಲೆ ಪೂರ್ತಿ ತೆರೆದುಕೊಂಡವು, ಅರ್ಧ ಛಾವಣಿಯುಳ್ಳವು, ಸಣ್ಣ ಬಾಯಿಯಿಂದ ಇಳಿಯಬೇಕಾದ ಗುಹೆಯಂಥವು ಎಂಬ ಭೇದಗಳಿವೆ. ನಿಮ್ಮ ಅತ್ತೆಯವರಿಗೆ ಅರ್ಧ ತೆರೆದದ್ದು ಸರಿಹೋಗುತ್ತದೆ, ಏಕೆಂದರೆ ಅಲ್ಲಿ ಗುಹೆಯ ಸೊಗಸೂ ಉಂಟು, ತಲೆಯೆತ್ತಿದರೆ ಆಕಾಶವೂ ಉಂಟು. ಹಗ್ಗದಲ್ಲಿ ಜೋತು ಇಳಿಯುವ ಕಾರ್ಯಕ್ರಮವಿದ್ದರೆ ಮೆಟ್ಟಿಲಿನ ದಾರಿಯೂ ಇದೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿಕೊಳ್ಳಿ.

ನನ್ನ ಅನುಭವದಲ್ಲಿ ನೀರಿಗಿಂತ ಮೆಟ್ಟಿಲೇ ಹೆಚ್ಚು ಅಪಾಯಕಾರಿ. ಮರದ ಮೆಟ್ಟಿಲುಗಳು ಕಡಿದಾಗಿರುತ್ತವೆ, ಹತ್ತಿ ಬಂದವರ ಮೈಯಿಂದ ತೊಟ್ಟಿಕ್ಕಿದ ನೀರಿಗೆ ಸದಾ ಒದ್ದೆಯಾಗಿರುತ್ತವೆ. ಬರಿಗಾಲಿಗಿಂತ ರಬ್ಬರ್ ಅಟ್ಟೆಯ ನೀರಿನ ಷೂ ಮೇಲು. ಕೆಳಗಿಳಿದರೆ ಹೊರಗಿನ ಸೆಕೆಯೆಲ್ಲ ತಲೆಯ ಮೇಲೆ ಉಳಿದುಬಿಡುತ್ತದೆ. ನೀರು ವರ್ಷವಿಡೀ ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ. ಓದುವಾಗ ಅದು ತಣ್ಣಗೆಂದು ಅನ್ನಿಸುವುದಿಲ್ಲ, ಆದರೆ ಕಾಡಿನಲ್ಲಿ ಬೆವರಿ ಬಂದ ಮೈಗೆ ಮೊದಲ ನಿಮಿಷ ಉಸಿರು ಸಿಕ್ಕಿಕೊಂಡಂತಾಗುತ್ತದೆ. ಅಟ್ಟಣೆಯ ಅಂಚಿನಲ್ಲಿ ಕುಳಿತು, ಕಾಲು ಇಳಿಬಿಟ್ಟು, ಕತ್ತಿಗೂ ಎದೆಗೂ ನೀರು ಹಚ್ಚಿಕೊಂಡು, ಆಮೇಲೆ ಹಗ್ಗ ಹಿಡಿದು ಇಳಿಯಲಿ. ಧುಮುಕುವುದು ಬೇಡ.

ಲೈಫ್ ಜಾಕೆಟ್ ಸಾಮಾನ್ಯವಾಗಿ ಕೊಡುತ್ತಾರೆ, ಬಹಳ ಕಡೆ ಕಡ್ಡಾಯವೂ ಹೌದು. ಅದನ್ನು ಹಾಕಿಸಿ, ಪಟ್ಟಿಗಳನ್ನು ಬಿಗಿದ ಮೇಲೆ, ಹಿಂದಿನಿಂದ ಅದರ ಎರಡು ಭುಜಗಳನ್ನು ಹಿಡಿದು ಮೇಲಕ್ಕೆಳೆದು ನೋಡಿ. ಅದು ಗಲ್ಲವನ್ನು ದಾಟಿ ಕಿವಿಯವರೆಗೆ ಬಂದರೆ ಅಳತೆ ದೊಡ್ಡದು; ನೀರಿನಲ್ಲಿ ಜಾಕೆಟ್ ತೇಲುತ್ತದೆ, ಮನುಷ್ಯರು ಅದರೊಳಗಿನಿಂದ ಕೆಳಗೆ ಜಾರುತ್ತಾರೆ. ನಾಚದೆ ಬೇರೆಯದನ್ನು ಕೇಳಿ. ಹೃದಯದ ತೊಂದರೆಯಾಗಲಿ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿಯಾಗಲಿ ಇದ್ದರೆ ಹೊರಡುವ ಮೊದಲು ವೈದ್ಯರೊಂದಿಗೆ ಮಾತನಾಡಬೇಕು. ಬಾವಲಿಗಳಿರುವ ಒಣ ಗುಹೆಯಲ್ಲಿ ಅವುಗಳ ಹಿಕ್ಕೆಯ ಧೂಳಿನಿಂದ ಹಿಸ್ಟೊಪ್ಲಾಸ್ಮೋಸಿಸ್ ಎಂಬ ಶಿಲೀಂಧ್ರದ ಸೋಂಕು ಶ್ವಾಸಕೋಶಕ್ಕೆ ತಗಲಬಹುದು. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ ತಾನೇ ಇಳಿಯುತ್ತದೆ, ಆದರೆ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಉಲ್ಬಣಿಸಬಹುದು.

ಇನ್ನು, ನೀರಿನಡಿ ಗುಹೆಯ ಬಾಯಲ್ಲಿ ಸಾವಿನ ಚಿತ್ರವಿರುವ ಎಚ್ಚರಿಕೆಯ ಫಲಕವನ್ನು ಎಲ್ಲಾದರೂ ಕಂಡು ಅವರು ಬೆದರಬಾರದು. ಅದು ಆಮ್ಲಜನಕದ ಸಿಲಿಂಡರ್ ಎಂದು ನಾವು ತಪ್ಪಾಗಿ ಕರೆಯುವ, ವಾಸ್ತವದಲ್ಲಿ ಗಾಳಿ ತುಂಬಿದ ಸಿಲಿಂಡರ್ ಕಟ್ಟಿಕೊಂಡು ಮುಳುಗುವವರಿಗಾಗಿ ಹಾಕಿರುವುದು. ಗುಹೆಯ ಡೈವಿಂಗ್ ತರಬೇತಿಯಿಲ್ಲದವರು ಅಲ್ಲಿಂದ ಮುಂದೆ ಹೋಗಕೂಡದು. ಮೇಲೆ ತೇಲುವವರಿಗೆ ಆ ದಾರಿಯ ಗೊಡವೆಯಿಲ್ಲ.

ಪ್ರಶ್ನೆ: ಕಳೆದ ವರ್ಷ ನಾವು ಹೋದಾಗ ಸನ್‌ಸ್ಕ್ರೀನ್, ಸೊಳ್ಳೆಯ ಕ್ರೀಮು ಯಾವುದೂ ಬೇಡವೆಂದು ಗೈಡ್ ಹೇಳಿದ್ದಲ್ಲದೆ, ನೀರಿಗಿಳಿಯುವ ಮುನ್ನ ಎಲ್ಲರಿಗೂ ಷವರ್ ಸ್ನಾನ ಮಾಡಿಸಿದರು. ಇದು ಅತಿಯಾಯಿತಲ್ಲವೇ?

ಉತ್ತರ: ನನಗೂ ಹಾಗೆಯೇ ಅನ್ನಿಸಿತ್ತು. ಬೆಳಿಗ್ಗೆ ಹೋಟೆಲಿನಲ್ಲಿ ಸ್ನಾನ ಮಾಡಿಯೇ ಬಂದಿದ್ದೇನೆಂದು ವಾದಿಸಿದ ನನ್ನನ್ನು ಗೈಡ್ ನಗುತ್ತಲೇ ಮತ್ತೆ ಷವರಿನ ಕಡೆಗೆ ತಿರುಗಿಸಿ ಕಳುಹಿಸಿದರು, ನಾನು ಗೊಣಗಿಕೊಂಡೇ ಹೋದೆ. ಆದರೆ ಮೇಲೆ ಹೇಳಿದ ನೆಲದ ರಚನೆಯನ್ನು ನೆನೆದರೆ ಅವರು ಮಾಡಿದ್ದೇ ಸರಿ. ಆ ಪ್ರದೇಶದಲ್ಲಿ ನದಿಯಿಲ್ಲವಾದ್ದರಿಂದ ಕುಡಿಯುವ ನೀರೆಲ್ಲ ನೆಲದಡಿಯ ಈ ಜಲರಾಶಿಯಿಂದಲೇ ಬರಬೇಕು. ಅದರಲ್ಲೂ ಸಿಹಿನೀರು ತೀರದ ಬಳಿ ತೆಳುವಾದ ಪದರವಾಗಿ, ಕೆಳಗೆ ನುಗ್ಗಿಬಂದ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಮಣ್ಣು, ಮರಳು ಇರುವ ನೆಲ ನೀರನ್ನು ಸೋಸುತ್ತದೆ. ಬಿರುಕು ಬಿಟ್ಟ ಸುಣ್ಣಕಲ್ಲು ಸೋಸುವುದಿಲ್ಲ, ಬಿದ್ದದ್ದನ್ನು ಹಾಗೆಯೇ ಮುಂದಕ್ಕೆ ಸಾಗಿಸುತ್ತದೆ. ನೀವು ಮೈಗೆ ಹಚ್ಚಿಕೊಂಡ ಎಣ್ಣೆ ಬೇರೊಬ್ಬರ ಬಾವಿಯ ಕಡೆಗೆ ಹೊರಟಿತೆಂದೇ ಲೆಕ್ಕ. ಕತ್ತಲ ಗುಹೆಗಳಲ್ಲಿ ಕಣ್ಣನ್ನೇ ಕಳೆದುಕೊಂಡ, ಬಣ್ಣವಿಲ್ಲದ ಮೀನುಗಳಿವೆ, ಸಿಗಡಿ, ಏಡಿಗಳ ಬಳಗಕ್ಕೆ ಸೇರಿದ, ವಿಷವುಳ್ಳ ಒಂದು ಬಗೆಯ ಪುಟ್ಟ ಕಠಿಣಚರ್ಮಿಯೂ ಇದೆ. ಅವು ಹೋಗಲು ಬೇರೆ ನೀರಿಲ್ಲ.

ಹಾಗೆಂದು ಪ್ರವಾಸಿಗರ ಕ್ರೀಮಿನ ಮೇಲೆಯೇ ಎಲ್ಲ ತಪ್ಪನ್ನು ಹೊರಿಸುವುದೂ ನ್ಯಾಯವಲ್ಲ. ತೀರದುದ್ದಕ್ಕೂ ಬೆಳೆದ ಊರು, ಹೋಟೆಲುಗಳ ಕೊಳಚೆನೀರಿನ ಮುಂದೆ ಅದು ಅಲ್ಪ. 2023ರ ಡಿಸೆಂಬರಿನಲ್ಲಿ ಓಡಲಾರಂಭಿಸಿದ ಮಾಯಾ ರೈಲಿನ ದಾರಿಗಾಗಿ ಪ್ಲಾಯಾ ದೆಲ್ ಕಾರ್ಮೆನ್ ಮತ್ತು ತುಲುಮ್ ನಡುವೆ ನೆಟ್ಟ ಕಂಬಗಳು ಗುಹೆಗಳ ಛಾವಣಿಯನ್ನೇ ತೂರಿಹೋದುದನ್ನು ಅಲ್ಲಿಯ ಡೈವರ್‌ಗಳು ಚಿತ್ರ ತೆಗೆದು ತೋರಿಸಿದ್ದಾರೆ. ಷವರಿನ ಕೆಳಗೆ ನಿಲ್ಲಿಸಿಕೊಂಡವರಿಗೆ ಇದನ್ನು ನೆನೆದು ಸಿಟ್ಟು ಬಂದರೆ ನಾನು ತಪ್ಪೆನ್ನುವುದಿಲ್ಲ. ಸೊಳ್ಳೆಗೂ ಬಿಸಿಲಿಗೂ ಉಪಾಯ ಒಂದೇ: ತೆಳುವಾದ ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು, ಅಗಲ ಅಂಚಿನ ಟೋಪಿ.

ಪ್ರಶ್ನೆ: ಕಾಡಿನಲ್ಲಿ ಹಾವು, ಚಿರತೆಗಳ ಭಯವಿದೆಯೇ?

ಉತ್ತರ: ಹಾವುಗಳೂ ಇವೆ, ಚಿರತೆಯನ್ನು ಹೋಲುವ ಜಾಗ್ವಾರ್ ಕೂಡ ಇದೆ. ಗೈಡ್ ಹಿಂದೆ ಹಾದಿಯಲ್ಲಿ ನಡೆವ ಗುಂಪಿಗೆ ಅವು ಕಾಣಿಸಿಕೊಳ್ಳುವುದು ಅಪರೂಪ. ನಾನು ಹೆದರಬೇಕೆನ್ನುವುದು ಒಂದು ಮರಕ್ಕೆ. ಅದರ ಹೆಸರು ಚೆಚೆನ್; ತೊಗಟೆಯ ಮೇಲೆ ಕಪ್ಪು ಕಲೆಗಳಿರುತ್ತವೆ, ಅದರ ಹಾಲು ತಗುಲಿದರೆ ಚರ್ಮ ಸುಟ್ಟಂತೆ ಬೊಬ್ಬೆಯೇಳುತ್ತದೆ. ಕೆಂಪು ತೊಗಟೆ ಸುಲಿಯುವ ಚಾಕಾ ಎಂಬ ಮರದ ರಸವೇ ಅದಕ್ಕೆ ಮದ್ದೆಂದು ಅಲ್ಲಿಯ ಜನ ಬಳಸುತ್ತಾರೆ. ಎರಡೂ ಯಾವುದೆಂದು ಮೊದಲೇ ತೋರಿಸಿಕೊಳ್ಳಿ, ಜಾರಿದಾಗ ಕಂಡ ಮರವನ್ನೆಲ್ಲ ಹಿಡಿಯಬೇಡಿ.

ಪ್ರಶ್ನೆ: ಮಾಯಾ ಜನರಿಗೆ ಪವಿತ್ರವಾದ ಜಾಗದಲ್ಲಿ ನಾವು ಜಿಗಿದು ಕುಣಿಯುವುದು ಸರಿಯೇ?

ಉತ್ತರ: ಮಾಯಾ ಜನರ ಪುರಾತನ ನಗರವಾದ ಚಿಚೆನ್ ಇಟ್ಸಾದ ಪವಿತ್ರ ಸೆನೋಟೆಯಲ್ಲಿ ಈಜಲು ಬಿಡುವುದೇ ಇಲ್ಲ. ಮಳೆಯ ದೇವರು ಚಾಕ್‌ನನ್ನು ಒಲಿಸಲು ಚಿನ್ನ, ಹಸಿರು ಜೇಡ್ ಶಿಲೆಯ ಒಡವೆಗಳ ಜೊತೆಗೆ ಮನುಷ್ಯರನ್ನೂ ಅದಕ್ಕೆ ಅರ್ಪಿಸಿದ್ದರೆಂಬುದು ಇಪ್ಪತ್ತನೆಯ ಶತಮಾನದ ಆರಂಭದಿಂದ ಅಲ್ಲಿ ನಡೆದ ಶೋಧಗಳಲ್ಲಿ ಸಿಕ್ಕ ವಸ್ತುಗಳಿಂದಲೂ ಮೂಳೆಗಳಿಂದಲೂ ತಿಳಿದಿದೆ. ಇನ್ನೂ ಹಿಂದಿನ ಕಥೆ ತುಲುಮ್ ಬಳಿಯ ಓಯೋ ನೆಗ್ರೊ ಎಂಬ ಮುಳುಗಿದ ಗುಹೆಯದು. ಹಿಮಯುಗದಲ್ಲಿ ಸಮುದ್ರದ ಮಟ್ಟ ಬಹಳ ಕೆಳಗಿದ್ದು ಗುಹೆಗಳು ಒಣಗಿದ್ದಾಗ ಒಳಹೊಕ್ಕು, ಕತ್ತಲಲ್ಲಿ ಗುಂಡಿಗೆ ಬಿದ್ದ ಹದಿಹರೆಯದ ಹುಡುಗಿಯೊಬ್ಬಳ ಅಸ್ಥಿಪಂಜರ 2007ರಲ್ಲಿ ಅಲ್ಲಿ ಸಿಕ್ಕಿತು. ಅವಳು ಬದುಕಿದ್ದು 12,000 ವರ್ಷಗಳಿಗಿಂತಲೂ ಹಿಂದೆ. ಛಾವಣಿಯಿಂದ ಇಳಿಬಿದ್ದ ಸುಣ್ಣದ ಜೋಲುಗಳು ನೀರಿನೊಳಗೂ ಕಂಡರೆ ಆ ಒಣ ಕಾಲವನ್ನು ನೆನೆಯಿರಿ, ಏಕೆಂದರೆ ಛಾವಣಿಯಿಂದ ನೀರು ಗಾಳಿಯಲ್ಲಿ ತೊಟ್ಟಿಕ್ಕದೆ ಅವು ಬೆಳೆಯಲಾರವು. ಅವನ್ನು ಮುಟ್ಟಬೇಡಿ.

ಈಜಲು ಬಿಡುವ ಎಷ್ಟೋ ಕೊಳಗಳು ‘ಎಹಿದೊ’ ಎನ್ನುವ ಗ್ರಾಮಸಮುದಾಯದ ಜಮೀನಿನಲ್ಲಿವೆ. ಮಾಯಾ ಹಳ್ಳಿಯವರೇ ನಡೆಸುವ ಪ್ರವಾಸವನ್ನು ಆರಿಸಿಕೊಂಡರೆ, ಹಿರಿಯರೊಬ್ಬರು ಕೋಪಾಲ್ ಧೂಪ ಹಾಕಿ ಒಳಹೋಗಲು ಅಪ್ಪಣೆ ಕೇಳುವುದನ್ನು ಕೆಲವೆಡೆ ಕಾಣುವಿರಿ. ಮನೆಯವರೇ ಕರೆದ ಮೇಲೆ ನಾವು ಹೋಗುವುದರಲ್ಲಿ ತಪ್ಪಿಲ್ಲ. ಕೂಗಾಟ ಮಾತ್ರ ಬೇಡ, ಮೇಲೆ ಬಾವಲಿಗಳು ಮಲಗಿರುತ್ತವೆ.

ಪ್ರಶ್ನೆ: ಜುಲೈ ಮಳೆಗಾಲವಂತೆ. ಹೋಗುವುದೋ ಬೇಡವೋ?

ಉತ್ತರ: ಮಳೆಗಾಲವೂ ಹೌದು, ಜೂನ್‌ನಿಂದ ನವೆಂಬರ್‌ವರೆಗಿನ ಚಂಡಮಾರುತದ ಅವಧಿಯೂ ಹೌದು. ಆದ್ದರಿಂದ ಮುಂಗಡ ಹಣ ಹಿಂತಿರುಗಿಸುವ ಷರತ್ತನ್ನು ಓದಿ ನೋಡಿ, ಗುಡುಗಿದರೆ ಜಿಪ್‌ಲೈನ್ ನಿಲ್ಲಿಸುತ್ತಾರೆಂಬುದು ತಿಳಿದಿರಲಿ. ಆದರೆ ಜುಲೈಗೆ ಒಂದು ಮೇಲುಗೈ ಇದೆ. ತುಲುಮ್‌ನಲ್ಲಿ ಆ ತಿಂಗಳ ಮೂರನೆಯ ವಾರದ ಸುಮಾರಿಗೆ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ, ಅದೂ ಅಲ್ಲಿಯ ಗಡಿಯಾರದಲ್ಲಿ ಮಧ್ಯಾಹ್ನ 1 ಗಂಟೆಯ ಹೊತ್ತಿಗೆ. ಮೋಡವಿಲ್ಲದಿದ್ದರೆ ಛಾವಣಿಯ ಕಿಂಡಿಯಿಂದ ಬೆಳಕು ಕಂಬದಂತೆ ನೆಟ್ಟಗೆ ನೀರಿಗಿಳಿದು ತಳದ ಕಲ್ಲನ್ನು ಮುಟ್ಟುತ್ತದೆ. ನೀರಿಗಿಳಿಯುವ ಸರದಿಯನ್ನು ಊಟಕ್ಕೆ ಮೊದಲಿಡಬೇಕೋ ಆಮೇಲಿಡಬೇಕೋ ಎಂದು ಗೈಡ್ ಕೇಳಿದರೆ, ಊಟ ತಡವಾದರೂ ಚಿಂತೆಯಿಲ್ಲವೆನ್ನಿ.