ತೆರೆಯ ಹಿಂದಿನ ಹೆಸರುಗಳು

ಪ್ರಶ್ನೆ: ವಿಡಿಯೊ ಗೇಮ್‌ಗಳ ಆರಂಭಕಾಲದಲ್ಲಿ ದುಡಿದ ಅನೇಕರ ಹೆಸರು ಇಂದು ಯಾರಿಗೂ ಗೊತ್ತಿಲ್ಲ. ಅವರಿಗೆ ಸಲ್ಲಬೇಕಾದ ಮನ್ನಣೆಯನ್ನು ದೊರಕಿಸುವುದು ಹೇಗೆ?

ಉತ್ತರ: ಈ ಮರೆವಿಗೆ ಕಾಲವೊಂದೇ ಕಾರಣವಲ್ಲ. 1970ರ ದಶಕದಲ್ಲಿ ಅಮೆರಿಕದ ಅಟಾರಿ ಸಂಸ್ಥೆಯು ಆಟಗಳ ಮೇಲೆ ಅವುಗಳನ್ನು ರೂಪಿಸಿದವರ ಹೆಸರನ್ನು ಮುದ್ರಿಸುತ್ತಿರಲಿಲ್ಲ. ಹಾಗಾಗಿಯೇ ವಾರನ್ ರಾಬಿನೆಟ್ ತಾವು ರಚಿಸಿದ 'ಅಡ್ವೆಂಚರ್' ಆಟದ ಗುಪ್ತ ಕೋಣೆಯೊಂದರಲ್ಲಿ ತಮ್ಮ ಹೆಸರನ್ನು ಬಚ್ಚಿಟ್ಟರು. ಅಟಾರಿಯಿಂದ ಹೊರಬಂದವರು 1979ರಲ್ಲಿ ಕಟ್ಟಿದ ಆ್ಯಕ್ಟಿವಿಷನ್ ಸಂಸ್ಥೆ ಮಾತ್ರ ರಚನಕಾರರ ಹೆಸರನ್ನು ಬಹಿರಂಗವಾಗಿ ಪ್ರಕಟಿಸಿತು.

ಜೆರ‍್ರಿ ಲಾಸನ್ ಅವರ ಉದಾಹರಣೆ ಇನ್ನೂ ಮುಖ್ಯವಾದದ್ದು. 1976ರಲ್ಲಿ ಬಂದ ಫೇರ್‌ಚೈಲ್ಡ್ ಸಂಸ್ಥೆಯ 'ಚಾನೆಲ್ ಎಫ್' ಎಂಬ ಆಟದ ಯಂತ್ರದಲ್ಲಿ, ಕಾರ್ಟ್ರಿಜ್ (ಆಟವನ್ನು ತುಂಬಿಟ್ಟ, ಯಂತ್ರಕ್ಕೆ ಸಿಕ್ಕಿಸುವ ಪುಟ್ಟ ಪೆಟ್ಟಿಗೆ) ಬದಲಿಸಿ ಬೇರೆ ಬೇರೆ ಆಟಗಳನ್ನು ಆಡುವ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದ ತಂಡದ ಮುಂದಾಳು ಅವರು. ಈ ಕಪ್ಪುವರ್ಣೀಯ ಎಂಜಿನಿಯರ್‌ಗೆ ಆಟ ತಯಾರಕರ ಅಂತರರಾಷ್ಟ್ರೀಯ ಸಂಘದ ಗೌರವ ಸಂದದ್ದು 2011ರ ಮಾರ್ಚ್‌ನಲ್ಲಿ. ಮರುತಿಂಗಳೇ ಅವರು ತೀರಿಕೊಂಡರು. 'ರಿವರ್ ರೇಡ್' ರಚಿಸಿದ ಕ್ಯಾರಲ್ ಶಾ ಅವರಿಗೂ ದೊಡ್ಡ ಪ್ರಶಸ್ತಿ ಬಂದದ್ದು 2017ರಲ್ಲಿ, ಆಟ ಹೊರಬಂದ 35 ವರ್ಷಗಳ ನಂತರ.

ಆದ್ದರಿಂದ ಪ್ರಶಸ್ತಿಗಿಂತ ಮೊದಲು ದಾಖಲೆ ಬೇಕು. ಬದುಕಿರುವವರ ಸಂದರ್ಶನಗಳನ್ನು ಧ್ವನಿಮುದ್ರಿಸಿ, ಅವರ ಟಿಪ್ಪಣಿಗಳನ್ನೂ ನಕಾಶೆಗಳನ್ನೂ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿರುವ ಸ್ಟ್ರಾಂಗ್ ವಸ್ತುಸಂಗ್ರಹಾಲಯದಂತಹ ಸಂಸ್ಥೆಗಳಿಗೆ ಒಪ್ಪಿಸಿದರೆ, ಮುಂದೆ ಆಯ್ಕೆ ಸಮಿತಿಗಳಿಗೆ ಹೆಸರು ಸೂಚಿಸುವವರಿಗೆ ಗಟ್ಟಿ ಆಧಾರ ಸಿಗುತ್ತದೆ. ಉತ್ಸಾಹದಲ್ಲಿ ಒಬ್ಬರನ್ನೇ 'ಜನಕ' ಎಂದು ಪಟ್ಟಕ್ಕೇರಿಸುವುದನ್ನು ಮಾತ್ರ ನಾನು ಒಪ್ಪಲಾರೆ: ಕಾರ್ಟ್ರಿಜ್‌ನ ಮೂಲ ಕಲ್ಪನೆಯ ಮೇಲೆ ಆಲ್ಪೆಕ್ಸ್ ಸಂಸ್ಥೆಯ ವ್ಯಾಲೇಸ್ ಕಿರ್ಷ್ನರ್ ಮತ್ತು ಲಾರೆನ್ಸ್ ಹ್ಯಾಸ್ಕೆಲ್ ಮೊದಲೇ ಕೆಲಸ ಮಾಡಿದ್ದರು, ಲಾಸನ್ ಅವರನ್ನು ಗೌರವಿಸುವ ಬರಹದಲ್ಲಿ ಅವರಿಬ್ಬರ ಹೆಸರೂ ಇರಬೇಕು.